ಚಿತ್ರ ಸರಿ, ರುಚಿ ಬಾಕಿ

ಕಳೆದ ಭಾನುವಾರ ಕಾವೂರಿನ ನಮ್ಮ ಮೀನಂಗಡಿಯಲ್ಲಿ ಮೀನು ಶುಚಿ ಮಾಡಿಕೊಡುವ ಹೆಂಗಸು ಬಂದಿರಲಿಲ್ಲ. ಅಂಗಡಿಯವರು ಆರು ಬಂಗುಡೆಗಳನ್ನು ತಲೆ, ಬಾಲ, ಹೊಟ್ಟೆ ಸಮೇತ ಹಾಗೇ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು. ಅಮ್ಮನಿಗೆ ಜ್ವರ ಬಿಟ್ಟು ಎರಡು ದಿನವೂ ಆಗಿರಲಿಲ್ಲ, ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಇಪ್ಪತ್ತಮೂರು ವರ್ಷ ಮೀನು ತಿಂದವಳಿಗೆ ಒಂದು ಮೀನು ಕೊಯ್ಯಲು ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಚೀಲ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

ಸಿಂಕಿನಲ್ಲಿ ಚೀಲ ಬಿಚ್ಚಿದಾಗ ವಾಸನೆ ಮೂಗಿಗೆ ಬಡಿಯಿತು. ಮಸಾಲೆಯದ್ದಲ್ಲ, ಎಣ್ಣೆಯದ್ದಲ್ಲ, ಹಸಿ ಮೀನಿನದು. ಉಪ್ಪು, ರಕ್ತ, ಕರಗಿದ ಐಸು ಎಲ್ಲ ಸೇರಿದ್ದು. ಒಂದು ಬಂಗುಡೆಯನ್ನು ಎಡಗೈಯಲ್ಲಿ ಹಿಡಿದೆ. ನಾನು ಯೋಚಿಸುವ ಮೊದಲೇ ಬಲಗೈಯ ಹೆಬ್ಬೆರಳು ಅದರ ಕೆನ್ನೆಯ ಮುಚ್ಚಳವನ್ನು ಮೆಲ್ಲನೆ ಎತ್ತಿತು. ಒಳಗೆ ಕೆಂಪು ಬಾಚಣಿಗೆಗಳ ಸಾಲು... “ಉಗುರು ಹಾಕಬೇಡ, ಬೆರಳಿನ ಮೆತ್ತನೆ ಜಾಗದಲ್ಲಿ ಎತ್ತು” ಎಂದು ಯಾರೋ ಪಕ್ಕದಲ್ಲಿ ನಿಂತು ಹೇಳಿದ ಹಾಗಾಯಿತು. ಯಾರೋ ಅಲ್ಲ. ನಮ್ಮ ಬಯಾಲಜಿ ಮೇಡಂ.

ನಾನು ಕಾಲೇಜಿಗೆ ಸೇರಿದಾಗ ನನ್ನ ಮುಖ್ಯ ವಿಷಯ ಅರ್ಥಶಾಸ್ತ್ರ. ಪಠ್ಯಕ್ರಮ ಬದಲಾದ ಹೊಸತು ಅದು. ಮುಖ್ಯ ವಿಷಯದ ಜೊತೆಗೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದನ್ನು ಮೈನರ್ ಎಂದು ತೆಗೆದುಕೊಳ್ಳಬಹುದು ಎಂದರು. ತೆಗೆದುಕೊಳ್ಳಬಹುದು ಎಂದರೆ ತೆಗೆದುಕೊಳ್ಳಲೇಬೇಕು ಎಂದು ಅರ್ಥ ಎನ್ನುವುದು ಆಫೀಸಿನ ಕಿಟಕಿಯ ಮುಂದೆ ನಿಂತ ಮೇಲೆ ತಿಳಿಯಿತು. ನನಗೆ ಬೇಕಾಗಿದ್ದದ್ದು ಪತ್ರಿಕೋದ್ಯಮ. ಅದು ಭರ್ತಿಯಾಗಿತ್ತು. ಮನಃಶಾಸ್ತ್ರವೂ ಭರ್ತಿ. ಗುಮಾಸ್ತರು ಪಟ್ಟಿಯ ಕೊನೆಗೆ ಬೆರಳಿಟ್ಟು, “ಬಯಾಲಜಿ ಉಂಟು. ಒಂಬತ್ತು ಜನ ಆಗಿದ್ದಾರೆ. ಹತ್ತು ಆದ್ರೆ ಮಾತ್ರ ಕ್ಲಾಸು” ಎಂದರು.

ಹತ್ತನೆಯ ತರಗತಿಯ ನಂತರ ಆ ಪುಸ್ತಕ ಮುಚ್ಚಿಟ್ಟವಳು ನಾನು. “ಬಯಾಲಜಿಯಲ್ಲಿ ಎಂತ ಉಂಟು ಸರ್?” ಎಂದು ಕೇಳಿದೆ. ಗುಮಾಸ್ತರು ಪಟ್ಟಿಯನ್ನು ತಿರುಗಿಸಿ ನೋಡಿದರು. ಕಿಟಕಿಯ ಪಕ್ಕದಲ್ಲಿ ಗಿಡ್ಡ ಕೊಡೆ ಹಿಡಿದುಕೊಂಡು, ಹಣೆಗೆ ಗಂಧ ಇಟ್ಟುಕೊಂಡು ಒಬ್ಬರು ತೆಳ್ಳಗಿನ ಹೆಂಗಸು ನಿಂತಿದ್ದರು. ಯಾರದೋ ತಾಯಿ ಇರಬೇಕು ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, “ಎಂತ ಉಂಟು ಅಂತ ನನಗೂ ಪೂರ್ತಿ ಗೊತ್ತಿಲ್ಲ. ಬಾ, ನೋಡುವ” ಎಂದರು. ನಾನು ಫಾರಂ ತುಂಬಿಸಿದೆ. ಹಾಗೆ ಹತ್ತನೆಯವಳಾದೆ.

ಅವರು ಅತಿಥಿ ಉಪನ್ಯಾಸಕಿ. ಖಾಯಂ ಇರುವವರು ಹಂಚಿಕೊಂಡು ಉಳಿದ ಗಂಟೆಗಳು ಇಂಥವರಿಗೆ ಸಿಗುತ್ತವೆ. ಆ ವರ್ಷ ಅವರ ಪಾಲಿಗಿದ್ದದ್ದು ನಮ್ಮ ಮೈನರ್ ಒಂದೇ. ಹತ್ತು ಮಂದಿ ಇದ್ದರೆ ಮೇಡಂ ಕಾಲೇಜಿಗೆ ಬರುತ್ತಾರೆ, ಒಂಬತ್ತಾದರೆ ಇಲ್ಲ. ಇದು ಗುಟ್ಟಾಗಿರಲಿಲ್ಲ. ಪ್ರತಿ ಸೆಮಿಸ್ಟರಿನ ಮೊದಲ ವಾರ ಗುಮಾಸ್ತರು ಬಾಗಿಲಲ್ಲಿ ನಿಂತು ನಮ್ಮ ತಲೆ ಎಣಿಸಿ ಹೋಗುತ್ತಿದ್ದರು. ಆ ಹೊತ್ತಿಗೆ ಮೇಡಂ ಬೋರ್ಡಿನ ಕಡೆ ತಿರುಗಿ ಒರೆಸುತ್ತಿದ್ದರು, ಬೋರ್ಡಿನ ಮೇಲೆ ಒರೆಸಲು ಏನೂ ಇರುತ್ತಿರಲಿಲ್ಲ.

ನಮ್ಮ ಕ್ಲಾಸು ಶನಿವಾರ ಮಧ್ಯಾಹ್ನ. ಬಿ.ಎಸ್ಸಿ.ಯವರು ಲ್ಯಾಬ್ ಖಾಲಿ ಮಾಡಿದ ಮೇಲೆ ನಮಗೆ ಪ್ರವೇಶ. ಒಳ್ಳೆಯ ಮೈಕ್ರೋಸ್ಕೋಪುಗಳು ಕಪಾಟಿನೊಳಗೆ ಬೀಗದಲ್ಲಿ. ನಮಗೆ ಸಿಕ್ಕಿದ್ದು ಎರಡು ಹಳೆಯವು. ಅದರಲ್ಲಿ ಒಂದರ ತಿರುಪು ಸಡಿಲವಾಗಿ, ನೋಡುತ್ತಿದ್ದಂತೆ ಚಿತ್ರ ನಿಧಾನವಾಗಿ ಮಸುಕಾಗುತ್ತಿತ್ತು. ನೋಡುವವರ ಪಕ್ಕದಲ್ಲಿ ಇನ್ನೊಬ್ಬರು ನಿಂತು ತಿರುಪು ಹಿಡಿದುಕೊಳ್ಳಬೇಕು. ಮೈನರಿನವರಿಗೆ ಮಾದರಿಗಳನ್ನು ತರಿಸಲು ವ್ಯವಸ್ಥೆ ಇರಲಿಲ್ಲವಾದ್ದರಿಂದ ಮೇಡಂ ಒಂದು ನಿಯಮ ಮಾಡಿದ್ದರು: ಪ್ರತಿ ಶನಿವಾರ ಮನೆಯಿಂದ ಏನಾದರೂ ತರಬೇಕು. ಮರುವಾಯಿಯ ಚಿಪ್ಪು, ಬೂಸ್ಟು ಹಿಡಿದ ದೋಸೆ ಹಿಟ್ಟು, ಜಿರಳೆಯ ಮೊಟ್ಟೆ, ತೊಂಡೆ ಬಳ್ಳಿಯ ಎಲೆ. ಲ್ಯಾಬಿಗೆ ಹೋಗುವಾಗ ನಮ್ಮ ಚೀಲಗಳನ್ನು ಯಾರಾದರೂ ತಪಾಸಣೆ ಮಾಡಿದ್ದರೆ ಕಷ್ಟವಿತ್ತು.

ನಾನು ಒಮ್ಮೆ ಕಾವೂರು ಕೆರೆಯ ನೀರು ತಂದಿದ್ದೆ. ಒಂದು ತೊಟ್ಟನ್ನು ಗಾಜಿನ ಮೇಲೆ ಹಾಕಿ ನೋಡಿದರೆ, ಆಹಾ, ಕಂದು ಬಣ್ಣದ ಒಂದು ತುಣುಕು. ಅದರ ತುಂಬ ಜಾಲರಿಯ ಹಾಗೆ ಮನೆಮನೆಗಳು. ನಾನು ಅದನ್ನು ಮುಕ್ಕಾಲು ಗಂಟೆ ಬರೆದೆ. ಪುಸ್ತಕದಲ್ಲಿ ಹುಡುಕಿ ಯಾವುದೋ ಉದ್ದದ ಹೆಸರನ್ನೂ ಬರೆದೆ. ಮೇಡಂ ಬಂದು ಕಣ್ಣಿಟ್ಟು ನೋಡಿದರು. ಆಮೇಲೆ ನನ್ನ ಬಾಟಲಿಯನ್ನು ಎತ್ತಿ ಮೂಸಿದರು.

“ಇದರಲ್ಲಿ ಮೊದಲು ಎಂತ ಇತ್ತು?”

“ಉಪ್ಪಿನಕಾಯಿ, ಮೇಡಂ. ತೊಳೆದಿದ್ದೇನೆ.”

“ಇದು ಸಾಸಿವೆಯ ಸಿಪ್ಪೆ. ಚಿತ್ರ ಭಾರೀ ಚೆನ್ನಾಗಿ ಉಂಟು. ಹೆಸರು ಮಾತ್ರ ಬದಲಾಯಿಸು” ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಸಿಟ್ಟು ಬಂತು. ಮೇಡಂ ನಗಲಿಲ್ಲ, ಪುನಃ ಕಣ್ಣಿಟ್ಟು, ತಿರುಪು ಹಿಡಿದುಕೊಳ್ಳಲು ನನಗೇ ಹೇಳಿ, ತುಂಬ ಹೊತ್ತು ನೋಡಿದರು. ದಿನಾ ಒಗ್ಗರಣೆಗೆ ಹಾಕುವ ಸಾಸಿವೆಯ ಮೇಲೆ ಇಷ್ಟು ಕುಸುರಿ ಇದೆ ಎಂದು ತನಗೆ ಗೊತ್ತೇ ಇರಲಿಲ್ಲ ಎಂದರು. ಗೊತ್ತಿಲ್ಲ ಎಂದು ಅಷ್ಟು ಸಂತೋಷದಿಂದ ಹೇಳುವ ಟೀಚರನ್ನು ನಾನು ಅದರ ಮೊದಲು ಕಂಡಿರಲಿಲ್ಲ. ಆ ದಿನ ಮನೆಗೆ ಬಂದವಳು ಜೀರಿಗೆ, ಮೆಂತ್ಯೆ, ಕೊತ್ತಂಬರಿ ಎಲ್ಲವನ್ನೂ ಕಾಗದದಲ್ಲಿ ಪೊಟ್ಟಣ ಕಟ್ಟಿ ಮುಂದಿನ ಶನಿವಾರಕ್ಕೆಂದು ಇಟ್ಟುಕೊಂಡೆ. ಅಮ್ಮ ಮಸಾಲೆ ಡಬ್ಬಿ ನೋಡಿ ಬೈದಳು.

ಎರಡನೆಯ ಸೆಮಿಸ್ಟರಿನಲ್ಲಿ ಉಸಿರಾಟದ ಪಾಠ ಬಂತು. ಮೀನಿನ ಕಿವಿರು ನೋಡಬೇಕು, ಒಬ್ಬೊಬ್ಬರೂ ಒಂದೊಂದು ಬಂಗುಡೆ ತನ್ನಿ ಎಂದರು ಮೇಡಂ. ನಾವು ಹತ್ತೂ ಜನ ಮೀನು ತಿನ್ನುವ ಮನೆಗಳಿಂದ ಬಂದವರು. ಇಷ್ಟು ಸುಲಭದ ಮನೆಕೆಲಸ ನಮಗೆ ಯಾವ ಮೇಷ್ಟ್ರೂ ಕೊಟ್ಟಿರಲಿಲ್ಲ.

ನಾನು ಅಮ್ಮನ ಹತ್ತಿರ ಕಾಲೇಜಿಗೆ ಒಂದು ಬಂಗುಡೆ ಬೇಕು ಎಂದೆ, ಅಷ್ಟೇ. ಬೆಳಿಗ್ಗೆ ಸ್ಟೀಲಿನ ಡಬ್ಬಿ ಸಿದ್ಧವಾಗಿತ್ತು. ಬಸ್ಸಿನಲ್ಲಿ ವಾಸನೆ ಬರಲಿಲ್ಲ. ಅಮ್ಮನ ಕೆಲಸ ಎಂದರೆ ಹಾಗೆ ಎಂದು ಹೆಮ್ಮೆಯೂ ಆಯಿತು. ಲ್ಯಾಬಿನಲ್ಲಿ ಮೇಣದ ಟ್ರೇಗಳನ್ನು ಸಾಲಾಗಿ ಇಟ್ಟು, ಕತ್ತರಿ, ಚಿಮಟ ಎಲ್ಲ ಜೋಡಿಸಿ, ಮೇಡಂ “ತೆಗೆಯಿರಿ” ಎಂದರು. ಹತ್ತು ಡಬ್ಬಿಗಳ ಮುಚ್ಚಳ ತೆರೆಯಿತು. ನನ್ನ ಬಂಗುಡೆಗೆ ತಲೆ ಇರಲಿಲ್ಲ. ಹೊಟ್ಟೆ ಖಾಲಿ. ಮೂರು ನೀರಲ್ಲಿ ತೊಳೆದು, ಉಪ್ಪು ಅರಿಶಿನ ಸವರಿ ಅಮ್ಮ ಕಳಿಸಿದ್ದಳು. ಪಕ್ಕದವಳದ್ದಕ್ಕೂ ತಲೆ ಇರಲಿಲ್ಲ. ಅದರಾಚೆಯವನದ್ದಕ್ಕೆ ತಲೆ ಇತ್ತು, ಕಿವಿರು ಕಿತ್ತಾಗಿತ್ತು. ಸುರತ್ಕಲ್ಲಿನಿಂದ ಬರುತ್ತಿದ್ದ ಒಬ್ಬಳದ್ದು ಕೆಂಪು ಮಸಾಲೆಯಲ್ಲಿ ಮುಳುಗಿತ್ತು. “ಮೇಡಂಗೆ ಕಾಯಿಸ್ಲಿಕ್ಕೆ ಸುಲಭ ಆಗ್ಲಿ ಅಂತ ಅಮ್ಮ ಹೇಳಿದ್ರು” ಎಂದಳು ಅವಳು. ಶುಚಿ ಮಾಡದ ಮೀನನ್ನು ಮಗಳ ಕೈಲಿ ಕಾಲೇಜಿಗೆ ಕೊಟ್ಟರೆ ಟೀಚರು ಏನೆಂದುಕೊಂಡಾರು ಎಂದು ಹತ್ತೂ ಮನೆಯವರು ಯೋಚಿಸಿದ್ದರು. ಇಡೀ ಕ್ಲಾಸಿನಲ್ಲಿ ಒಂದು ಕಿವಿರಿಲ್ಲ.

ಮೇಡಂ ಹತ್ತೂ ಡಬ್ಬಿಗಳ ಮುಂದೆ ನಿಧಾನವಾಗಿ ನಡೆದರು. “ಹತ್ತು ಮನೆಯಲ್ಲಿ ಒಂದೇ ಪ್ರಯೋಗ ಆಗಿದೆ. ಫಲಿತಾಂಶವೂ ಒಂದೇ” ಎಂದು ಹೇಳಿ, ತಮ್ಮ ಕೈಚೀಲದಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತೆಗೆದರು. ಅದರಲ್ಲಿ ಒಂದು ಇಡೀ ಬಂಗುಡೆ.

ಇಲ್ಲಿ ಒಂದು ಮಾತು ಹೇಳಬೇಕು. ಮೇಡಂ ದೇವಸ್ಥಾನದ ಅರ್ಚಕರ ಮನೆಯವರು. ಮದುವೆಯಾಗಿರಲಿಲ್ಲ, ತಾಯಿ ಮತ್ತು ತಮ್ಮನ ಜೊತೆ ದೇವಸ್ಥಾನದ ಹಿಂದಿನ ಮನೆಯಲ್ಲಿದ್ದರು. ಆ ಮನೆಯೊಳಗೆ ಈರುಳ್ಳಿಗೂ ಜಾಗವಿಲ್ಲ. ಅವರೇ ಬಸ್‌ಸ್ಟ್ಯಾಂಡಿನ ಪಕ್ಕದ ಮಾರುಕಟ್ಟೆಗೆ ಹೋಗಿ, ಹಣೆಯ ಗಂಧದ ಸಮೇತ ಮೀನಿನ ಬುಟ್ಟಿಯ ಮುಂದೆ ಕೂತು ತಂದಿದ್ದರು. ಕತ್ತರಿಸಿ ಕೊಡಲಾ ಎಂದು ಮೀನಿನವಳು ಕೇಳಿದಾಗ ಬೇಡ ಎಂದರಂತೆ. ಅವಳು ಇವರ ಮುಖ ನೋಡಿ, ಅಕ್ಕಾ, ಬೆಕ್ಕಿಗಾದರೆ ಸಣ್ಣದು ಸಾಕು ಎಂದಳಂತೆ. ಇದನ್ನೆಲ್ಲ ಮೇಡಂ ಕತ್ತರಿ ಆಡಿಸುತ್ತಲೇ ಹೇಳಿದರು.

“ಮನೆಯಲ್ಲಿ ಎಂತ ಹೇಳುದಿಲ್ವಾ ಮೇಡಂ?” ಎಂದು ಯಾರೋ ಕೇಳಿದರು.

“ಅಮ್ಮ ಎಂತ ಹೇಳುದಿಲ್ಲ. ಶನಿವಾರ ಹಿಂದಿನ ಬಾಗಿಲಲ್ಲಿ ಬಿಸಿನೀರು ಕಾಯಿಸಿ ಇಟ್ಟಿರ್ತಾರೆ. ಸ್ನಾನ ಆಗದೆ ಒಳಗೆ ಬಿಡುದಿಲ್ಲ, ಅಷ್ಟೇ.”

ಆಮೇಲೆ ನಾವು ನೋಡಿದ್ದು... ಮುಚ್ಚಳ ತೆಗೆದ ಮೇಲೆ ಕಿವಿರಿನ ಒಂದು ಬದಿಗೆ ಕೆಂಪು ಜೂಲು, ಇನ್ನೊಂದು ಬದಿಗೆ ಗರಿಯಂಥ ಉದ್ದನೆಯ ಬಿಳಿ ಎಳೆಗಳು. ಕೆಂಪಿನದು ಉಸಿರಿಗೆ, ಬಿಳಿಯದು ಊಟಕ್ಕೆ ಎಂದರು ಮೇಡಂ. ಬಾಯಿ ತೆರೆದುಕೊಂಡು ಈಜುತ್ತದೆ, ನೀರು ಒಳಗೆ ಬರುತ್ತದೆ. ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಬಿಳಿ ಎಳೆಗಳು ಸೋಸಿಕೊಳ್ಳುತ್ತವೆ, ಅದೇ ನೀರಿನಿಂದ ಕೆಂಪು ಎಳೆಗಳು ಉಸಿರು ತೆಗೆದುಕೊಳ್ಳುತ್ತವೆ. ಮೈ ಸೀಳಿದಾಗ ಬದಿಯಲ್ಲಿ ಕಪ್ಪುಗೆಂಪಿನ ಒಂದು ಪಟ್ಟಿ ಕಾಣಿಸಿತು. ಬಿಡದೆ ಈಜುವ ಮೀನಿಗೆ ಅಲ್ಲಿ ರಕ್ತ ಜಾಸ್ತಿ ಬೇಕು ಎಂದರು. ಎಷ್ಟು ಸಾವಿರ ಸಲ ನಾನು ಆ ಪಟ್ಟಿಯನ್ನು ತಟ್ಟೆಯ ಬದಿಗೆ ಸರಿಸಿದ್ದೆನೋ, ಒಮ್ಮೆಯೂ ಇದೇನೆಂದು ಕೇಳಿರಲಿಲ್ಲ. ವಾರಕ್ಕೆ ನಾಲ್ಕು ದಿನ ಬಂಗುಡೆ ತಿನ್ನುವ ನಮಗೆ ಅದರೊಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದ ಮೇಡಂ ಅದನ್ನು ನಾಲಿಗೆಗೆ ಮುಟ್ಟಿಸಿದವರಲ್ಲ.

ಅದು ಅವರಿಗೂ ಹೊಳೆದಿರಬೇಕು. ಕೈ ತೊಳೆಯುತ್ತ, “ಇದರ ರುಚಿ ಹೇಗಿರ್ತದೆ?” ಎಂದು ಕೇಳಿದರು.

“ಸೂಪರ್ ಮೇಡಂ” ಎಂದರು ಎಲ್ಲರೂ.

“ಸೂಪರ್ ಅಂದ್ರೆ ಅಬ್ಸರ್ವೇಶನ್ ಅಲ್ಲ. ನೋಡದವರಿಗೆ ಕಾಣುವ ಹಾಗೆ ಹೇಳ್ಬೇಕು. ನೀನು ಹೇಳು.”

ನನ್ನ ಕಡೆ ಬೆರಳು ತೋರಿಸಿದ್ದರು. ನಾನು ಯೋಚಿಸಿ ಯೋಚಿಸಿ, “ಮೀನಿನ ಹಾಗೆ ಮೇಡಂ” ಎಂದೆ. ನಗು ನಿಂತ ಮೇಲೆ ನೀವೇ ಒಮ್ಮೆ ತಿಂದು ನೋಡಿ ಎಂದೆ. ನನ್ನ ಬಾಯಿಗೆ ಬೀಗವಿರಲಿಲ್ಲ ಆಗ. ಮೇಡಂಗೆ ಬೇಸರವಾಗಲಿಲ್ಲ. “ಅದು ನನ್ನಿಂದ ಆಗ್ಲಿಕ್ಕಿಲ್ಲ. ಅದಕ್ಕೇ ನಿನ್ನತ್ರ ಕೇಳುದು. ರೆಕಾರ್ಡಿನಲ್ಲಿ ಬರೆದುಕೊಂಡು ಬಾ” ಎಂದರು.

ಮುಂದಿನ ವಾರ ಎಡಪುಟದಲ್ಲಿ ಕಿವಿರಿನ ಚಿತ್ರ, ಬಲಪುಟದಲ್ಲಿ ರುಚಿ ಬರೆದು ಕೊಟ್ಟೆ. ಖಾರ, ಹುಳಿ, ಸ್ವಲ್ಪ ಬೆಳ್ಳುಳ್ಳಿಯ ಪರಿಮಳ ಎಂದು ಬರೆದಿದ್ದೆ. ಮೇಡಂ ಅದಷ್ಟನ್ನೂ ಹೊಡೆದು ಹಾಕಿದರು. ಇದು ಮಸಾಲೆಯ ರುಚಿ, ಮೀನಿನದ್ದು ಎಲ್ಲಿ ಎಂದರು. ಸತ್ಯವೇ. ಮಸಾಲೆಯಿಲ್ಲದೆ ನಾನು ಮೀನು ತಿಂದದ್ದೇ ಇಲ್ಲ. ಬರೀ ಉಪ್ಪು ಹಾಕಿ ಒಂದು ಬೇಯಿಸಿಕೊಡು ಎಂದು ಅಮ್ಮನನ್ನು ಕೇಳಿದರೆ, “ಹಾಗೆ ಯಾರಾದ್ರೂ ತಿಂತಾರಾ? ಮೀನಿಗೊಂದು ಮರ್ಯಾದೆ ಬೇಡ್ವಾ?” ಎಂದು ಓಡಿಸಿದಳು. ರೆಕಾರ್ಡು ತಿರುಗಿ ಬಂದಾಗ ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಇತ್ತು. “ಚಿತ್ರ ಸರಿ. ರುಚಿ ಬಾಕಿ.”

ಮೂರನೆಯ ಸೆಮಿಸ್ಟರು ಮುಗಿಯುವ ಹೊತ್ತಿಗೆ ಅಪ್ಪ ಬಹ್ರೇನಿನಿಂದ ಫೋನು ಮಾಡಿದ. ಅಪ್ಪ ಅಲ್ಲಿ ಗೋದಾಮೊಂದರಲ್ಲಿ ಮೇಲ್ವಿಚಾರಕ. ಮೈನರನ್ನು ಬದಲಾಯಿಸಿ ಲಾಜಿಸ್ಟಿಕ್ಸ್ ತೆಗೆದುಕೊಳ್ಳಬಹುದು ಎಂದು ಯಾರೋ ಹೇಳಿದ್ದರು. “ಮೀನಿನ ಹೊಟ್ಟೆ ನೋಡ್ಲಿಕ್ಕೆ ಗೊತ್ತುಂಟು ಅಂತ ಯಾರು ಕೆಲಸ ಕೊಡ್ತಾರೆ ಮಗಾ?” ಎಂದು ಕೇಳಿದ. ಜೋರು ಮಾಡಲಿಲ್ಲ, ಕೇಳಿದ ಅಷ್ಟೇ. ನಾನು ಹೋದರೆ ಒಂಬತ್ತು ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಈಗ ಬರೆದರೆ ಅಲ್ಲ ಎನ್ನುವವರು ಯಾರೂ ಇಲ್ಲ. ಆದರೆ ಗೊತ್ತಿತ್ತು. ಬೇರೆ ಯಾರಾದರೂ ಬಂದು ಸೇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಬದಲಾವಣೆಯ ಫಾರಮ್ಮಿಗೆ ಹಳೆಯ ಮೈನರಿನ ಟೀಚರ ಸಹಿ ಬೇಕಿತ್ತು. ಲ್ಯಾಬಿಗೆ ಹೋದಾಗ ಮೇಡಂ ಹಳೆಯ ಪಂಚೆಯ ತುಂಡಿನಿಂದ ಮೈಕ್ರೋಸ್ಕೋಪಿನ ಗಾಜು ಒರೆಸುತ್ತಿದ್ದರು. ಫಾರಂ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ನಾನು ನೆಲ ನೋಡುತ್ತಿದ್ದೆ.

“ಲಾಜಿಸ್ಟಿಕ್ಸ್‌ನಲ್ಲಿ ಎಂತ ಕಲಿಸ್ತಾರೆ?” ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ. ಅವರಿಗೆ ನಿಜಕ್ಕೂ ತಿಳಿದುಕೊಳ್ಳಬೇಕಿತ್ತು.

“ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಾದ ಹೊತ್ತಿಗೆ ಹೇಗೆ ತಲುಪಿಸುದು ಅಂತ ಮೇಡಂ.”

“ಹೌದಾ. ರಕ್ತ ಮಾಡುದೂ ಅದೇ ಕೆಲಸ” ಎಂದು ಸಹಿ ಹಾಕಿದರು. ಶಾಯಿ ಒಣಗಲೆಂದು ಎರಡು ಸಲ ಊದಿ ಕೊಟ್ಟರು. ನಾನು ಬಾಗಿಲವರೆಗೆ ಹೋಗಿದ್ದೆ. “ನಿನ್ನದು ರುಚಿ ಬಾಕಿ ಉಂಟು” ಎಂದರು ಹಿಂದಿನಿಂದ. ಬರೆದು ಕೊಡ್ತೇನೆ ಮೇಡಂ ಎಂದೆ. “ನೋಡುವ” ಎಂದರು.

ಎರಡು ವಾರದಲ್ಲಿ ಶನಿವಾರದ ವೇಳಾಪಟ್ಟಿಯಿಂದ ಬಯಾಲಜಿ ಹೋಯಿತು. ಉಳಿದ ಒಂಬತ್ತು ಜನರನ್ನು ಖಾಲಿಯಿದ್ದ ಕಡೆಗೆ ಹಂಚಿದರು. ಮಸಾಲೆ ಮೀನು ತಂದಿದ್ದ ಸುರತ್ಕಲ್ಲಿನವಳು ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ. ಮೇಡಂ ಎಲ್ಲಿಗೆ ಹೋದರು ಎಂದು ನಾನು ಯಾರನ್ನೂ ಕೇಳಲಿಲ್ಲ, ಕೇಳಿದರೆ ಯಾರಾದರೂ ಹೇಳಿಬಿಟ್ಟಾರು ಎಂಬ ಹೆದರಿಕೆ. ನನಗೆ ಕೆಲಸವೇನೋ ಸಿಕ್ಕಿತು. ಬೈಕಂಪಾಡಿಯ ಗೋದಾಮೊಂದರಲ್ಲಿ ಯಾವ ಲಾರಿ ಯಾವ ಹೊತ್ತಿಗೆ ಹೊರಡಬೇಕು ಎಂದು ಬರೆಯುವ ಕೆಲಸ. ಅಪ್ಪನ ಲೆಕ್ಕಾಚಾರ ತಪ್ಪಲಿಲ್ಲ.

ಕಳೆದ ವರ್ಷ ಅಮ್ಮನ ಹರಕೆಯೊಂದಿತ್ತು ಎಂದು ಆ ದೇವಸ್ಥಾನಕ್ಕೇ ಹೋಗಬೇಕಾಗಿ ಬಂತು. ದಾರಿಯುದ್ದಕ್ಕೂ ಮೇಡಂ ಸಿಕ್ಕಿದರೆ ಏನು ಹೇಳುವುದೆಂದು ಯೋಚಿಸಿಕೊಂಡಿದ್ದೆ. ಪೂಜೆ ಮುಗಿಸಿ ಪ್ರಸಾದ ಕೊಟ್ಟ ಅರ್ಚಕರ ಮೂಗು, ಹಣೆ ಎಲ್ಲ ಮೇಡಂದೇ. ತಮ್ಮ ಇರಬೇಕು ಎಂದುಕೊಂಡು, ನಿಮ್ಮ ಅಕ್ಕ ಇದ್ದಾರಾ ಎಂದು ಕೇಳಿದೆ.

“ಅಕ್ಕ ಹೋದ ಮಳೆಗಾಲದಲ್ಲಿ ತೀರಿಕೊಂಡಳಲ್ಲ. ಜ್ವರ ಬಂತು. ಒಂದು ವಾರವೂ ಇರಲಿಲ್ಲ” ಎಂದರು. “ನೀವು ಅವಳ ಸ್ಟೂಡೆಂಟಾ?”

ಹೌದೆಂದೆ. ಮೈನರ್ ಎಂದೆ.

“ಆ ಹತ್ತು ಮಂದಿಯಲ್ಲಿ ಒಬ್ಬರಾ?” ಅವರ ಮುಖ ಅರಳಿತು. “ಹತ್ತೂ ಮನೆಯಿಂದ ಮೀನು ತೊಳೆದು ಕಳಿಸಿದ್ರಂತೆ ಅಲ್ವಾ? ಆ ದಿನ ಬಂದು ಹಿಂದಿನ ಬಾಗಿಲಲ್ಲಿ ಸ್ನಾನ ಮಾಡ್ತಾ ಹೇಳಿದ್ದು, ಅಮ್ಮ ಹೊರಗೆ ನಿಂತು ನಕ್ಕದ್ದು... ನಮ್ಮ ಮನೆಯಲ್ಲಿ ಮೀನಿನ ಸುದ್ದಿ ಅಷ್ಟು ಯಾವಾಗ್ಲೂ ಆದದ್ದಿಲ್ಲ.” ಪ್ರಸಾದದ ತಟ್ಟೆ ಕೆಳಗಿಟ್ಟು, “ಮತ್ತೆ ಹತ್ತು ಜನ ಆಗ್ಲಿಲ್ಲ ಅಂತ ಹೇಳಿದಳು. ಯಾಕೆ ಅಂತ ಹೇಳಲಿಲ್ಲ. ಇಲ್ಲೇ ಸೇವೆಯ ಚೀಟಿ ಬರೀತಾ ಕೂತಳು” ಎಂದರು.

ಹತ್ತರಲ್ಲಿ ನಾನು ಎಷ್ಟನೆಯವಳು ಎಂದು ಅವರಿಗೆ ಹೇಳಬೇಕಿತ್ತು. ಪ್ರಸಾದ ಹಿಡಿದುಕೊಂಡು ಅಮ್ಮನ ಹಿಂದೆ ಹೊರಗೆ ಬಂದೆ.

ಇದೆಲ್ಲ ಭಾನುವಾರ ಸಿಂಕಿನ ಮುಂದೆ ನೆನಪಾಗುತ್ತ ಹೋಯಿತು. ಮೂರನೆಯ ಮೀನಿನ ಹೊತ್ತಿಗೆ ಬೆರಳು ಕೊಯ್ದುಕೊಂಡೆ; ಅಭ್ಯಾಸ ಇಲ್ಲದವಳ ಕೈ. ಬೆರಳನ್ನು ಬಾಯಿಗಿಟ್ಟು ಚೀಪಿ, ಪಟ್ಟಿ ಸುತ್ತಿ, ಉಳಿದದ್ದನ್ನು ಮುಗಿಸಿದೆ. ಐದನ್ನು ಅಮ್ಮನ ಮಸಾಲೆಗೆ ಬಿಟ್ಟು, ಒಂದನ್ನು ಬರೀ ಉಪ್ಪುನೀರಲ್ಲಿ ಬೇಯಿಸಿದೆ. ಅಮ್ಮ ಮಂಚದಿಂದಲೇ, ಅದೆಂತ ಹುಚ್ಚು ಎಂದಳು. ನಿಂತುಕೊಂಡೇ ತಿಂದೆ. ಬೆನ್ನಿನ ಬಿಳಿ ಭಾಗಕ್ಕೆ ಹೆಚ್ಚಿನ ರುಚಿ ಇಲ್ಲ, ತೆಳ್ಳಗಿನ ಒಂದು ಸಿಹಿ ಮಾತ್ರ. ಬದಿಯ ಕಪ್ಪು ಪಟ್ಟಿಯನ್ನು ಈ ಸಲ ಸರಿಸದೆ ಬಾಯಿಗಿಟ್ಟೆ. ಅರೆ, ಈ ರುಚಿ ಈಗಷ್ಟೇ ನೋಡಿದ್ದೇನಲ್ಲ ಎನಿಸಿತು. ಅರ್ಧ ಗಂಟೆ ಮೊದಲು ಬೆರಳು ಚೀಪಿದಾಗ ನಾಲಿಗೆಗೆ ಹತ್ತಿದ್ದು ಅದೇ.

ಅಟ್ಟದಿಂದ ರೆಕಾರ್ಡು ಇಳಿಸಿದೆ. ಬಲಪುಟದಲ್ಲಿ ಹೊಡೆದು ಹಾಕಿದ ಸಾಲುಗಳ ಕೆಳಗೆ ಬೇಕಾದಷ್ಟು ಜಾಗವಿತ್ತು. ಬರೆದೆ: “ಬಂಗುಡೆಯ ಬದಿಯ ಪಟ್ಟಿಯ ರುಚಿ ಕೊಯ್ದ ಬೆರಳನ್ನು ಬಾಯಿಗಿಟ್ಟ ಹಾಗೆ. ಮೀನು ತಿನ್ನದವರಿಗೂ ಗೊತ್ತಿರುವ ರುಚಿ.” ಎರಡೇ ಸಾಲು. ಇಷ್ಟನ್ನು ಆ ದಿನವೇ ಹೇಳಿದ್ದರೆ ಮೇಡಂ ಒಪ್ಪುತ್ತಿದ್ದರೋ, ಇನ್ನೊಂದು ಪ್ರಶ್ನೆ ಕೇಳುತ್ತಿದ್ದರೋ... ಕೇಳುತ್ತಿದ್ದರು ಎಂದೇ ನನಗನ್ನಿಸುತ್ತದೆ. ಅದಕ್ಕೇ ಕೆಳಗೆ ಕೆಂಪು ಶಾಯಿಗೆ ಒಂದು ಸಾಲಿನಷ್ಟು ಜಾಗ ಬಿಟ್ಟು ಪುಸ್ತಕ ಮುಚ್ಚಿದೆ.